ಕಮ್ಯುನಿಟಿ ಕಾಲೇಜು ಆದ ಮೇಲೆ ಉಳಿದ 60 ಕ್ರೆಡಿಟ್: ನಾನು ಮುಗಿಸಿದ ಬಗೆ

ಅಮೆರಿಕದಲ್ಲಿ ಬ್ಯಾಚುಲರ್ ಪದವಿಗೆ ಸಾಮಾನ್ಯವಾಗಿ 120 ಸೆಮಿಸ್ಟರ್ ಕ್ರೆಡಿಟ್ ಬೇಕು. ಕಮ್ಯುನಿಟಿ ಕಾಲೇಜಿನ ಎರಡು ವರ್ಷದ ಅಸೋಸಿಯೇಟ್ ಪದವಿಯಲ್ಲಿ 60 ಆಗಿರುತ್ತದೆ. ಕ್ವಾರ್ಟರ್ ಪದ್ಧತಿಯ ಕಾಲೇಜಾದರೆ 90 ಕ್ವಾರ್ಟರ್ ಕ್ರೆಡಿಟ್ ಅಂದರೂ ಅದೇ 60. ಉಳಿದರ್ಧ ಎಷ್ಟು ಬೇಗ, ಎಷ್ಟು ಖರ್ಚಿನಲ್ಲಿ ಮುಗಿಯುತ್ತದೆ ಎನ್ನುವುದು ವಿಶ್ವವಿದ್ಯಾಲಯಕ್ಕೆ ಸೇರುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಅದಕ್ಕೇ ನಾನು ಫೀಸು ಕಟ್ಟುವ ಮುನ್ನ ಲೆಕ್ಕದ ಹಾಳೆ ಹಿಡಿದು ಕೂತೆ.

ಹಾಳೆಯ ಎಡಕ್ಕೆ ಪದವಿ ಕೇಳುವ ಒಂದೊಂದು ವಿಷಯ, ಬಲಕ್ಕೆ ಅದನ್ನು ತುಂಬುವ ನನ್ನ ಕೋರ್ಸು. "ನಿಮ್ಮ 60 ಕ್ರೆಡಿಟ್ ಒಪ್ಪಿದ್ದೇವೆ" ಅಂದರೆ ಸಾಲದು. ಅದರಲ್ಲಿ 20 ಬರೀ ಫ್ರೀ ಎಲೆಕ್ಟಿವ್ (ಯಾವ ವಿಷಯವಾದರೂ ಆಗುವ) ಖಾನೆಗೆ ಹೋಗಿ, ಆ ಖಾನೆಯಲ್ಲಿ 9ಕ್ಕೆ ಮಾತ್ರ ಜಾಗವಿದ್ದರೆ ಮಿಕ್ಕ 11 ನಷ್ಟ. ಯಾವ ಕೋರ್ಸು ಯಾವ ಖಾನೆ ತುಂಬಿತು ಎನ್ನುವುದನ್ನು ಬರಹದಲ್ಲೇ ತರಿಸಿಕೊಳ್ಳಬೇಕು. 300, 400 ಮಟ್ಟದ (ಕೊನೆಯ ಎರಡು ವರ್ಷದ) ಕೋರ್ಸು ಎಷ್ಟು ಬೇಕು, ಅಲ್ಲೇ ಓದಬೇಕಾದ ಕ್ರೆಡಿಟ್ ಎಷ್ಟು (ಬಹಳ ಕಡೆ 30) ಎಂದೂ ಕೇಳಿ. ಎಎ (ಕಲೆ), ಎಎಸ್ (ವಿಜ್ಞಾನ) ಅಸೋಸಿಯೇಟ್ ಪದವಿಗಳಿದ್ದರೆ ಸಾಮಾನ್ಯ ಶಿಕ್ಷಣದ ಭಾಗವನ್ನು ಹಲವು ವಿಶ್ವವಿದ್ಯಾಲಯಗಳು ಇಡಿಯಾಗಿ ಮನ್ನಾ ಮಾಡುತ್ತವೆ. ಕೆಲಸಕ್ಕೆ ತಯಾರು ಮಾಡುವ ಎಎಎಸ್ ಪದವಿಗೆ ಹೆಚ್ಚಾಗಿ ಒಂದೊಂದೇ ಕೋರ್ಸು ನೋಡುತ್ತಾರೆ. ಟ್ರಾನ್ಸ್‌ಕ್ರಿಪ್ಟಿನಲ್ಲಿ "ಪದವಿ ಪ್ರದಾನ" ಎಂಬ ಸಾಲು ಬರುವ ಮೊದಲೇ ಕಳಿಸಿದರೆ ಈ ಮನ್ನಾ ಸಿಗುವುದಿಲ್ಲ, ಹಾಗಾಗಿ ಆ ಸಾಲಿಗಾಗಿ ಕಾಯಿರಿ. ಊರಲ್ಲಿ ಡಿಗ್ರಿ ಅರ್ಧಕ್ಕೆ ಬಿಟ್ಟು ಬಂದವರು ಆ ಸೆಮಿಸ್ಟರುಗಳನ್ನು ಡಬ್ಲ್ಯೂಇಎಸ್‌ನಂಥ ಸಂಸ್ಥೆಯಿಂದ ಕೋರ್ಸುವಾರು ಮೌಲ್ಯಮಾಪನ ಮಾಡಿಸಬಹುದು. ಪಿಯುಸಿ ಹೈಸ್ಕೂಲಿನ ಲೆಕ್ಕಕ್ಕೇ ಹೋಗುತ್ತದೆ.

ಹಾಳೆಯಲ್ಲಿ ಖಾಲಿ ಉಳಿದದ್ದನ್ನು ಅಗ್ಗದ ದಾರಿಯಲ್ಲಿ ತುಂಬಿದೆ. ಆನ್‌ಲೈನ್ ಕೋರ್ಸು ಕೊಡುವ ಸೋಫಿಯಾ ಲರ್ನಿಂಗ್‌ಗೆ ತಿಂಗಳಿಗೆ ನೂರು ಡಾಲರ್ ಆಸುಪಾಸು; ಒಮ್ಮೆಗೆ ಎರಡು ಕೋರ್ಸು ತೆರೆಯಬಹುದು, ಮುಗಿಸಿದರೆ ಮುಂದಿನದು. ತರಗತಿಗೆ ಹೋಗದೆ ಕ್ರೆಡಿಟ್ ಗಳಿಸುವ ಕ್ಲೆಪ್ (CLEP) ಪರೀಕ್ಷೆಯಲ್ಲಿ 20ರಿಂದ 80ರ ಅಳತೆಯಲ್ಲಿ 50 ಬಂದರೆ ಸಾಮಾನ್ಯವಾಗಿ ಪಾಸು. ಫೇಲಾದರೆ ಅದೇ ವಿಷಯಕ್ಕೆ ಮೂರು ತಿಂಗಳು ಕಾಯಬೇಕು. ಮಾಡರ್ನ್ ಸ್ಟೇಟ್ಸ್‌ನ ಉಚಿತ ಪಾಠ ಮುಗಿಸಿದರೆ ಪರೀಕ್ಷೆಯ ಫೀಸಿಗೆ ವೋಚರ್ ಕೊಡುತ್ತಾರೆ. ಆದರೆ ಇವಕ್ಕೆ ಕ್ರೆಡಿಟ್ ಕೊಡಬಹುದೆಂದು ಎಸಿಇ (ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್) ಮಾಡುವ ಶಿಫಾರಸು ಬರೀ ಶಿಫಾರಸು, ಒಪ್ಪುವುದು ಬಿಡುವುದು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಕಾಲೇಜಿನಲ್ಲಿ ಓದಿದ್ದ ಮನಶ್ಶಾಸ್ತ್ರವನ್ನೇ ಮತ್ತೆ ಕ್ಲೆಪ್‌ನಲ್ಲಿ ಬರೆದರೆ ಒಂದಕ್ಕೇ ಕ್ರೆಡಿಟ್.

ನಾನು ಆರಿಸಿದ್ದು ಆನ್‌ಲೈನ್‌ನಲ್ಲೇ ಓದಿಸುವ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿ, ಡಬ್ಲ್ಯೂಜಿಯು. ಆರು ತಿಂಗಳ ಟರ್ಮ್‌ಗೆ ಒಂದೇ ಫೀಸು, ಪದವಿಯನ್ನು ನೋಡಿ ನಾಲ್ಕು ಸಾವಿರ ಡಾಲರ್ ಆಚೀಚೆ. ಟರ್ಮ್‌ಗೆ ಕನಿಷ್ಠ 12 ಯೂನಿಟ್ (ಅಲ್ಲಿ ಕ್ರೆಡಿಟ್‌ಗೆ ಹೀಗೆನ್ನುತ್ತಾರೆ) ತೆಗೆದುಕೊಳ್ಳಬೇಕು, ಮೇಲಿನದಕ್ಕೆ ಹೆಚ್ಚುವರಿ ಕಟ್ಟಬೇಕಿಲ್ಲ. 60 ಯೂನಿಟ್ ಉಳಿದವರು 12ರಂತೆ ಹೋದರೆ ಐದು ಟರ್ಮ್, ಸುಮಾರು 20 ಸಾವಿರ. ಹೊರಗಿನಿಂದ ಇನ್ನೂ 20 ತಂದು, ಉಳಿದ 40ನ್ನು ಎರಡು ಟರ್ಮ್‌ನಲ್ಲಿ ಮುಗಿಸಿದರೆ ಸುಮಾರು 8 ಸಾವಿರ. ಓದು ಶುರುವಾದ ಮೇಲೆ ಹೊರಗಿನ ಕ್ರೆಡಿಟ್ ಸಾಮಾನ್ಯವಾಗಿ ಒಪ್ಪುವುದಿಲ್ಲ, ಆದ್ದರಿಂದ ಸೋಫಿಯಾ ಕೆಲಸ ಮೊದಲೇ ಮುಗಿದಿರಬೇಕು.

ಅಲ್ಲಿ ಪರೀಕ್ಷೆ ಇರುವ ಕೋರ್ಸಿಗೆ ಮೊದಲ ದಿನವೇ ಪ್ರೀ-ಅಸೆಸ್‌ಮೆಂಟ್ (ಅಭ್ಯಾಸ ಪರೀಕ್ಷೆ) ಬರೆಯುತ್ತಿದ್ದೆ. ಎಲ್ಲಿ ಅಂಕ ಹೋಯಿತೋ ಆ ಅಧ್ಯಾಯಗಳನ್ನಷ್ಟೇ ಓದಿ ಪರೀಕ್ಷೆಗೆ ದಿನ ಗೊತ್ತುಮಾಡುವುದು. ಬರಹ ಒಪ್ಪಿಸುವ ಕೋರ್ಸುಗಳಲ್ಲಿ ಅಂಕ ಕೊಡುವ ಮಾನದಂಡಗಳ ಪಟ್ಟಿ, ಅಂದರೆ ರೂಬ್ರಿಕ್ಕೇ ಸರ್ವಸ್ವ. ಮೌಲ್ಯಮಾಪಕರು ಅದರ ಒಂದೊಂದು ಸಾಲನ್ನೂ ಪ್ರತ್ಯೇಕವಾಗಿ ಹುಡುಕುತ್ತಾರೆ: ಎ1, ಎ2, ಬಿ ಎಂದು ಅದೇ ಕ್ರಮದಲ್ಲಿ ತಲೆಬರಹ ಹಾಕಿ, ಕೆಳಗೆ ನೇರವಾಗಿ ಉತ್ತರ ಬರೆಯಬೇಕು. "ಎರಡು ಕಾರಣ ಕೊಡಿ" ಎಂದಿದ್ದಲ್ಲಿ ಒಂದೇ ಕಾರಣವನ್ನು ಎಷ್ಟು ಚೆನ್ನಾಗಿ ಹಿಗ್ಗಿಸಿದರೂ ವಾಪಸು ಬರುತ್ತದೆ. ತಿದ್ದಿ ಕಳಿಸಿ ಮತ್ತೆ ಕಾಯಬೇಕು, ಟರ್ಮಿನ ದಿನಗಳು ಸೋರುವುದು ಇಲ್ಲೇ. ಒಂದು ಬರಹ ಮೌಲ್ಯಮಾಪನದಲ್ಲಿರುವಾಗ ಮುಂದಿನ ಕೋರ್ಸು ತೆರೆದಿರಲಿ.

ಬಿಸಿನೆಸ್, ಮನಶ್ಶಾಸ್ತ್ರದಂಥ ವಿಷಯಕ್ಕೆ ಯೂನಿವರ್ಸಿಟಿ ಆಫ್ ಮೇನ್ ಅಟ್ ಪ್ರೆಸ್ಕ್ ಐಲ್‌ನ ಯುವರ್‌ಪೇಸ್ ಎಂಬ ಆನ್‌ಲೈನ್ ವ್ಯವಸ್ಥೆ ಕೂಡ ಒಳ್ಳೆಯದು. ಅಲ್ಲೂ ಅವಧಿಗೆ ಒಂದೇ ಫೀಸು, 90 ಕ್ರೆಡಿಟ್‌ವರೆಗೆ ತರಬಹುದು.

ಹಣದ ವಿಷಯದಲ್ಲಿ ವೀಸಾ ನೋಡಿಕೊಳ್ಳಬೇಕು. ಗ್ರೀನ್ ಕಾರ್ಡ್ ಇದ್ದವರು ಸರ್ಕಾರಿ ನೆರವಿನ ಅರ್ಜಿ ಎಫ್‌ಎಎಫ್‌ಎಸ್‌ಎ ತುಂಬಲಿ: 2025-26ರಲ್ಲಿ ತೀರಿಸಬೇಕಿಲ್ಲದ ಸರ್ಕಾರಿ ನೆರವಾದ ಪೆಲ್ ಗ್ರಾಂಟಿನ ಗರಿಷ್ಠ 7,395 ಡಾಲರ್. ಎಚ್-4 (ಎಚ್-1ಬಿ ನೌಕರರ ಕುಟುಂಬದ ವೀಸಾ) ಇರುವವರು ಓದಬಹುದು, ಪೆಲ್ ಸಿಗುವುದಿಲ್ಲ. ಎಚ್-4ನಲ್ಲಿರುವ ಮಕ್ಕಳಿಗೆ 21 ತುಂಬಿದರೆ ಆ ಸ್ಥಾನಮಾನ ಮುಗಿಯುತ್ತದೆ. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾದರೆ ಪೂರ್ತಿ ಆನ್‌ಲೈನ್ ಪದವಿ ನಡೆಯದು, ಏಕೆಂದರೆ ಪೂರ್ಣಾವಧಿ ಲೆಕ್ಕಕ್ಕೆ ಟರ್ಮ್‌ಗೆ ಒಂದೇ ಆನ್‌ಲೈನ್ ಕೋರ್ಸು ಹಿಡಿಯುತ್ತಾರೆ. ಅಂಥ ಮನೆಗಳಲ್ಲಿ ಮಕ್ಕಳ ಹುಟ್ಟಿದ ದಿನ ಮೊದಲು ನೋಡಿ, ಆಮೇಲೆ ಕಾಲೇಜು. ಕೆಲಸದಲ್ಲಿರುವವರು ಕಂಪನಿಯ ಎಚ್‌ಆರ್‌ನಲ್ಲಿ ವಿಚಾರಿಸಿ: ವರ್ಷಕ್ಕೆ 5,250 ಡಾಲರ್‌ವರೆಗಿನ ಶಿಕ್ಷಣ ನೆರವಿಗೆ ತೆರಿಗೆಯಿಲ್ಲ.

ಮುಂದೆ ಊರಿಗೆ ಮರಳಿ ಸರ್ಕಾರಿ ಕೆಲಸಕ್ಕೋ ಸ್ನಾತಕೋತ್ತರಕ್ಕೋ ಹೋಗುವ ಯೋಚನೆ ಇದ್ದರೆ, ಆನ್‌ಲೈನ್ ಪದವಿಗೆ ಅಲ್ಲಿ ತತ್ಸಮಾನ ಮಾನ್ಯತೆ ಸಿಗುತ್ತದೆಯೇ ಎಂದು ಮೊದಲ ಫೀಸು ಕಟ್ಟುವ ಮುನ್ನವೇ ಕೇಳಿಕೊಳ್ಳಿ. ಅಮೆರಿಕದಲ್ಲೇ ಮಾಸ್ಟರ್ಸ್ ಮಾಡುವವರೂ ಗಮನಿಸಿ: ಡಬ್ಲ್ಯೂಜಿಯುನಲ್ಲಿ ಗ್ರೇಡ್ ಇಲ್ಲ, ಪಾಸಾದರೆ 4ರ ಅಳತೆಯ ಜಿಪಿಎಯಲ್ಲಿ 3.0ಕ್ಕೆ ಸಮ ಎಂದಷ್ಟೇ ಬರುತ್ತದೆ. 3.5 ಕೇಳುವ ವಿಭಾಗಕ್ಕೆ ಇದು ಸಾಲದೇ ಹೋಗಬಹುದು.