ಲಿಯೊನಾರ್ಡ್ ನಿಮೊಯ್ ಅವರಿಗೆ ಧಾರವಾಡದ ಪಡಸಾಲೆಯಲ್ಲೊಂದು ನುಡಿನಮನ: ಸಿದ್ಧತೆ ಹೇಗೆ?

ಅಮೆರಿಕದ ನಟ ಲಿಯೊನಾರ್ಡ್ ನಿಮೊಯ್ ತೀರಿಕೊಂಡದ್ದು 2015ರ ಫೆಬ್ರುವರಿ 27ರಂದು, ಲಾಸ್ ಏಂಜಲೀಸ್‌ನಲ್ಲಿ. ಆಗ ಅವರಿಗೆ 83 ವರ್ಷ. ಬಾಹ್ಯಾಕಾಶ ನೌಕೆಯೊಂದರ ಕತೆಯಾದ ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ಸ್ಪಾಕ್ ಎಂಬ ಅನ್ಯಗ್ರಹದ ವಿಜ್ಞಾನಿಯ ಪಾತ್ರದ ಮೂಲಕ ಅವರನ್ನು ಮೆಚ್ಚಿಕೊಂಡವರು ಹುಬ್ಬಳ್ಳಿ-ಧಾರವಾಡದಲ್ಲೂ ಇದ್ದಾರೆ. 1980ರ ದಶಕದಲ್ಲಿ ದೂರದರ್ಶನದಲ್ಲಿ ಅದನ್ನು ನೋಡಿದ ಹುಡುಗರಿಗೆ ಈಗ ತಲೆ ನರೆತಿದೆ. ಅಂಥವರು ನಾಲ್ಕು ಜನ ಸೇರಿ ಅವರ ಪುಣ್ಯತಿಥಿಯ ಸುಮಾರಿಗೆ ಒಂದು ನುಡಿನಮನ ಇಟ್ಟುಕೊಳ್ಳಬೇಕೆಂದರೆ ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ನಟನನ್ನು ನೆನೆಯುವುದೆಂದರೆ ಅವನ ಅಭಿನಯವನ್ನು ಕೂಡಿ ಕುಳಿತು ನೋಡುವುದು, ಅದನ್ನು ಅವನು ಹೇಗೆ ಸಾಧಿಸಿದನೆಂದು ಚರ್ಚಿಸುವುದು ಎಂದು ನಾನು ತಿಳಿದಿದ್ದೇನೆ. ಭಾಷಣಗಳಿಗೆ ಆಮೇಲಿನ ಸ್ಥಾನ.

ದಿನವನ್ನು ಮೊದಲು ಗೊತ್ತುಮಾಡಿ. ಧಾರಾವಾಹಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾದದ್ದು 1966ರ ಸೆಪ್ಟೆಂಬರ್ 8ರಂದು; ಆದರೆ ನಮ್ಮಲ್ಲಿ ಆ ಹೊತ್ತಿಗೆ ಗಣೇಶೋತ್ಸವದ ಪೆಂಡಾಲುಗಳು ಎದ್ದಿರುತ್ತವೆ, ಧ್ವನಿವರ್ಧಕದ ಮುಂದೆ ಯಾವ ಸಂಭಾಷಣೆಯೂ ಕೇಳಿಸದು. ನಿಮೊಯ್ ಹುಟ್ಟಿದ ಮಾರ್ಚ್ 26 ಪರೀಕ್ಷೆಗಳ ಕಾಲ. ಆದ್ದರಿಂದ ಫೆಬ್ರುವರಿಯ ಕೊನೆಯ ಭಾನುವಾರದ ಬೆಳಗು ಎಲ್ಲಕ್ಕಿಂತ ಅನುಕೂಲ. ಹಿಂದಿನ ದಿನ ಪತ್ರಿಕೆಯಲ್ಲಿ ಹೆಸ್ಕಾಂನ ವಿದ್ಯುತ್ ನಿಲುಗಡೆಯ ಪ್ರಕಟಣೆಯನ್ನು ನೋಡಿಕೊಳ್ಳುವುದನ್ನು ಮರೆಯಬೇಡಿ.

ಸಭಾಭವನ ಬೇಡ, ಯಾರದಾದರೂ ಮನೆಯ ಪಡಸಾಲೆ ಸಾಕು. ಇದಕ್ಕೆ ಖರ್ಚಷ್ಟೇ ಕಾರಣವಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾರ್ವಜನಿಕ ಪ್ರದರ್ಶನಕ್ಕೆ ಹಕ್ಕುದಾರರ ಅನುಮತಿ ಬೇಕು. ಮನೆಯಲ್ಲಿ ಗೆಳೆಯರೊಂದಿಗೆ ಕುಳಿತು ನೋಡುವುದಕ್ಕೆ ಆ ತೊಡಕಿಲ್ಲ. ಅಲ್ಲದೆ ಭವನವೆಂದ ಮೇಲೆ ವೇದಿಕೆ, ವೇದಿಕೆಯೆಂದ ಮೇಲೆ ಅಧ್ಯಕ್ಷರು, ಮುಖ್ಯ ಅತಿಥಿಗಳು, ಸ್ವಾಗತ, ವಂದನಾರ್ಪಣೆ ಎಲ್ಲವೂ ಬಂದೇ ಬರುತ್ತವೆಂಬುದು ಧಾರವಾಡದವರಿಗೆ ಹೇಳಬೇಕಾದ ಮಾತಲ್ಲ.

ಭಾವಚಿತ್ರಗಳನ್ನು ಎರಡು ಇಡಿ: ಚೂಪುಗಿವಿಯ ಸ್ಪಾಕ್‌ನದು ಒಂದು, ಬಣ್ಣ ಕಳಚಿದ ನಿಮೊಯ್ ಅವರದು ಒಂದು. ತಾನು ಸ್ಪಾಕ್ ಅಲ್ಲವೆಂಬ ಹೆಸರಿನ ಆತ್ಮಕಥನವನ್ನು 1975ರಲ್ಲಿ ಪ್ರಕಟಿಸಿ, ತಾನೇ ಸ್ಪಾಕ್ ಎಂಬ ಹೆಸರಿನ ಇನ್ನೊಂದನ್ನು 1995ರಲ್ಲಿ ಹೊರತಂದ ಮನುಷ್ಯನನ್ನು ಒಂದೇ ಚಿತ್ರದಲ್ಲಿ ಹಿಡಿದಿಡುವುದು ನ್ಯಾಯವಲ್ಲ. “ಮಾಲಿ ಹಾಕೋದು ಬ್ಯಾಡೇನ್ರಿ?” ಎಂದು ಯಾರಾದರೂ ಹಿರಿಯರು ಕೇಳಿಯೇ ಕೇಳುತ್ತಾರೆ. ನಿಮೊಯ್ ಯಹೂದಿ ಮನೆತನದವರು. ಯಹೂದಿಗಳಲ್ಲಿ ಪುಣ್ಯತಿಥಿಗೆ ದೀಪ ಹಚ್ಚುವ ಪದ್ಧತಿಯಿದೆ, ಹೂವಿನ ರೂಢಿ ಅಷ್ಟಾಗಿ ಇಲ್ಲ. ಹಾಗಾಗಿ ಒಂದು ದೀಪ ಹಚ್ಚಿದರೆ ಅವರ ರೀತಿಗೂ ನಮ್ಮ ರೀತಿಗೂ ಸಲ್ಲುತ್ತದೆ.

ಮೂರು ವರ್ಷಗಳಲ್ಲಿ ಪ್ರಸಾರವಾದ 79 ಕಂತುಗಳಲ್ಲಿ ಯಾವುದನ್ನು ತೋರಿಸಬೇಕೆಂಬ ಚರ್ಚೆ ಬೇಗ ಮುಗಿಯುವುದಿಲ್ಲ. ಹೊಸಬರೂ ಬರುವವರಿದ್ದರೆ 1967ರ ಮಾರ್ಚ್ 9ರಂದು ಪ್ರಸಾರವಾದ ‘ದಿ ಡೆವಿಲ್ ಇನ್ ದಿ ಡಾರ್ಕ್’ ಕಂತನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಗಣಿಯೊಂದರಲ್ಲಿ ಕಾರ್ಮಿಕರನ್ನು ಕೊಲ್ಲುತ್ತಿರುವ ಪ್ರಾಣಿಯನ್ನು ಹುಡುಕಿ ಹೋದಾಗ, ಗಣಿಯವರು ತಿಳಿಯದೆ ಒಡೆದುಹಾಕುತ್ತಿದ್ದ ಮೊಟ್ಟೆಗಳನ್ನು ಕಾಯುತ್ತಿರುವ ತಾಯಿ ಅದು ಎಂದು ಗೊತ್ತಾಗುತ್ತದೆ. ಗದಗಿನ ಕಪ್ಪತಗುಡ್ಡದ ಗಣಿಗಾರಿಕೆಯ ವಿವಾದವನ್ನು ಕಂಡವರಿಗೆ ಈ ಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಪ್ರಾಣಿ ನೋಡಲು ಒಂದು ಉಬ್ಬಿದ ಕಲ್ಲಿನ ಹೊದಿಕೆಯಂತಿದೆ. ಅದರೊಳಗೆ ಯಾನೋಸ್ ಪ್ರೊಹಾಸ್ಕಾ ಎಂಬ ಸಾಹಸ ಕಲಾವಿದ ತೆವಳುತ್ತಿದ್ದ. ಸ್ಪಾಕ್ ಅದರ ಮೇಲೆ ಕೈಯಿಟ್ಟು ಅದರ ಮನಸ್ಸಿನೊಳಗೆ ಇಳಿದು, ಅದರ ನೋವನ್ನು ತನ್ನದೇ ಎಂಬಂತೆ ಕೂಗುವ ದೃಶ್ಯದಲ್ಲಿ ಒಮ್ಮೆ ನಿಲ್ಲಿಸಿ, ಮರಳಿ ನೋಡಿ. ಇಡೀ ಧಾರಾವಾಹಿಯಲ್ಲಿ ಸಮಚಿತ್ತನಾಗಿರುವ ಪಾತ್ರದ ದನಿ ಅಲ್ಲಿ ಒಡೆಯುತ್ತದೆ, ಮೈ ನಡುಗುತ್ತದೆ. ಎದುರಿಗಿರುವುದು ರಬ್ಬರಿನ ಗುಡ್ಡೆಯೆಂಬುದು ನೋಡುವವರಿಗೆ ಮರೆತುಹೋಗುತ್ತದೆ. ಕಂತಿನ ಕೊನೆಗೆ ಅದೇ ಮನುಷ್ಯ ಏನೂ ಆಗಿಲ್ಲವೆಂಬ ಮುಖದಲ್ಲಿ ತನ್ನ ಕಿವಿಯ ಬಗ್ಗೆ ಮಾತಾಡುತ್ತಾನೆ. ಇಂಗ್ಲಿಷ್ ಸಂಭಾಷಣೆ ಎಲ್ಲರಿಗೂ ಹಿಡಿಯದಿದ್ದರೆ ಕತೆಯನ್ನು ಮೊದಲೇ ಐದು ನಿಮಿಷ ಕನ್ನಡದಲ್ಲಿ ಹೇಳಿಬಿಡುವುದು ಒಳ್ಳೆಯದು.

ಚರ್ಚೆಗೆ ಎಳೆ ಬೇಕೆಂದರೆ ಈ ಸಂಗತಿಯಿಂದ ಆರಂಭಿಸಬಹುದು. ‘ದಿ ಕಾರ್ಬೊಮೈಟ್ ಮನೂವರ್’ ಕಂತಿನ ಚಿತ್ರೀಕರಣದಲ್ಲಿ ನೌಕೆಯ ಮಂದಿಯೆಲ್ಲ ಗಾಬರಿಯಾಗಿರುವಾಗ ಸ್ಪಾಕ್ ಹೇಳಬೇಕಾದ ಒಂದೇ ಶಬ್ದದ ಮಾತನ್ನು ನಿಮೊಯ್ ಕೂಡ ಗಾಬರಿಯಿಂದಲೇ ಹೇಳಿದ್ದರಂತೆ. ನಿರ್ದೇಶಕ ಜೋಸೆಫ್ ಸಾರ್ಜೆಂಟ್ ಅವರನ್ನು ತಡೆದು, ಉಳಿದವರಿಗಿಂತ ಬೇರೆಯಾಗಿರು, ವಿಜ್ಞಾನಿಯ ಹಾಗೆ ದೂರ ನಿಂತು ನೋಡು ಎಂಬರ್ಥದಲ್ಲಿ ತಿದ್ದಿದರು. ಪಾತ್ರ ತನಗೆ ದಕ್ಕಿದ್ದು ಅಲ್ಲಿಂದ ಎಂದು ನಿಮೊಯ್ ಅನೇಕ ಸಲ ಹೇಳಿಕೊಂಡಿದ್ದಾರೆ. ಹವ್ಯಾಸಿ ರಂಗಭೂಮಿಯಲ್ಲಿ ಪಳಗಿದವರು ನಿಮ್ಮಲ್ಲಿ ಒಬ್ಬರಿದ್ದರೂ ಈ ಒಂದು ಸಂಗತಿಯ ಮೇಲೆ ಅರ್ಧ ತಾಸು ಮಾತು ನಡೆಯುತ್ತದೆ. ತೆರೆಯಾಚೆಗಿನ ನಡತೆಯ ಬಗ್ಗೆ ಮಾತು ಬಂದರೆ 1973ರ ಅನಿಮೇಷನ್ ಸರಣಿಯನ್ನು ನೆನಪಿಸಿ: ಸಹನಟರಾದ ನಿಶೆಲ್ ನಿಕೋಲ್ಸ್ ಮತ್ತು ಜಾರ್ಜ್ ಟಕೇ ಅವರನ್ನು ಕೈಬಿಡಲಾಗಿದೆಯೆಂದು ತಿಳಿದಾಗ, ಅವರಿಲ್ಲದಿದ್ದರೆ ತಾನೂ ದನಿ ಕೊಡುವುದಿಲ್ಲವೆಂದು ನಿಮೊಯ್ ಪಟ್ಟು ಹಿಡಿದಿದ್ದರು.

ಮಧ್ಯದ ಬೆರಳು ಮತ್ತು ಉಂಗುರ ಬೆರಳುಗಳ ನಡುವೆ ಸಂದು ಬಿಟ್ಟು, ಹೆಬ್ಬೆರಳನ್ನು ಹೊರಚಾಚಿ ಅಂಗೈ ತೋರಿಸುವ ಸ್ಪಾಕ್‌ನ ಆ ಪ್ರಸಿದ್ಧ ವಂದನೆಯನ್ನು ಎಲ್ಲರೂ ಒಮ್ಮೆ ಮಾಡಲು ಬಯಸುತ್ತಾರೆ. ಬಾಲ್ಯದಲ್ಲಿ ಬಾಸ್ಟನ್‌ನ ಯಹೂದಿ ಪ್ರಾರ್ಥನಾಮಂದಿರದಲ್ಲಿ ಅರ್ಚಕ ವಂಶದವರು ಎರಡೂ ಕೈಯೆತ್ತಿ ಆಶೀರ್ವದಿಸುವುದನ್ನು, ನೋಡಬಾರದೆಂದರೂ ಕದ್ದು ನೋಡಿ ಕಲಿತ ಮುದ್ರೆಯನ್ನು ನಿಮೊಯ್ 1967ರ ಸೆಪ್ಟೆಂಬರಿನಲ್ಲಿ ಪ್ರಸಾರವಾದ ‘ಅಮೋಕ್ ಟೈಮ್’ ಕಂತಿಗೆ ತಂದರು. ಮೂಲತಃ ಇದು ಆಶೀರ್ವಾದವಾದ್ದರಿಂದ, ಸೆಲ್ಫಿಗೆ ಮೊದಲು ಇಷ್ಟನ್ನಾದರೂ ಮಕ್ಕಳಿಗೆ ತಿಳಿಸಿಕೊಡಿ. ಬೆರಳು ಹೊಂದದವರು ಇನ್ನೊಂದು ಕೈಯಿಂದ ಮೊದಲೇ ಹೊಂದಿಸಿಕೊಂಡು ಆಮೇಲೆ ಎತ್ತಬಹುದು. ಆ ಕಂತಿನ ಹಿರಿಯ ನಟಿ ಸೀಲಿಯಾ ಲೊವ್‌ಸ್ಕಿ ಅವರೂ ಹಾಗೆಯೇ ಮಾಡಬೇಕಾಯಿತು.

ಸಾವಿನ ಕಾರಣವನ್ನು ಮುಚ್ಚಿಡಬೇಕಾಗಿಲ್ಲ. ಧೂಮಪಾನ ಬಿಟ್ಟು ಸುಮಾರು ಮೂರು ದಶಕಗಳಾಗಿದ್ದರೂ ಅವರಿಗೆ ಶ್ವಾಸಕೋಶದ ದೀರ್ಘಕಾಲಿಕ ಕಾಯಿಲೆ, ಅಂದರೆ ಸಿಒಪಿಡಿ, ಬಂದಿತ್ತು. 2014ರಲ್ಲಿ ಅದನ್ನು ಅವರೇ ಬಹಿರಂಗವಾಗಿ ಹೇಳಿ, ಸೇದುವವರು ಈಗಲೇ ಬಿಡಿ ಎಂದು ಕೇಳಿಕೊಂಡರು. ಗೆಳೆಯರಲ್ಲಿ ವೈದ್ಯರಿದ್ದರೆ ಈ ಭಾಗವನ್ನು ಅವರಿಗೇ ಬಿಟ್ಟುಕೊಡಿ.

ಅಂತರ್ಜಾಲದಲ್ಲಿ ಅವರ ಹೆಸರಿನಲ್ಲಿ ಓಡಾಡುವ ಸೂಕ್ತಿಗಳನ್ನು ಮೂಲ ನೋಡದೆ ಫಲಕದ ಮೇಲೆ ಬರೆಯಬೇಡಿ. ಅವುಗಳಲ್ಲಿ ಕೆಲವು ಸಂಭಾಷಣೆಕಾರರು ಸ್ಪಾಕ್‌ಗೆ ಬರೆದ ಮಾತುಗಳು. ಕೊನೆಗೆ ಗಿರ್ಮಿಟ್ಟು, ಚಹಾ ಬರುವ ಹೊತ್ತಿಗೆ ಹಿರಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ: ಧಾರಾವಾಹಿಯನ್ನು ಮೊದಲು ಯಾವ ಊರಿನಲ್ಲಿ, ಯಾರ ಮನೆಯ ಟಿವಿಯಲ್ಲಿ ನೋಡಿದರು, ಆಗ ಎಷ್ಟು ಅರ್ಥವಾಯಿತು, ಓಣಿಯವರು ಏನೆಂದರು. ಪ್ರತಿ ಧ್ವನಿಮುದ್ರಿಕೆಗೂ ಹೇಳಿದವರ ಹೆಸರು ಮತ್ತು ದಿನಾಂಕ ಬರೆದು, ಒಂದು ಪ್ರತಿಯನ್ನು ಅವರ ಮನೆಯವರಿಗೂ ಕಳಿಸಿಕೊಡಿ.