ಹೋಶೇಯನ ಬೇಲಿ: ‘ನಿನ್ನ’ ದಾರಿಗೋ, ‘ಅವಳ’ ದಾರಿಗೋ?

ಬೈಬಲಿನ ಹಳೆಯ ಒಡಂಬಡಿಕೆಯ ಪ್ರವಾದಿ ಹೋಶೇಯನ ಗ್ರಂಥದ 2:8ರಲ್ಲಿ ನಾನು ಒಂದು ವಾರ ಸಿಕ್ಕಿಕೊಂಡಿದ್ದೆ. (ಕನ್ನಡ ಬೈಬಲಿನಲ್ಲಿ ಅದು 2:6. ಹೀಬ್ರೂ ಪ್ರತಿಯಲ್ಲಿ ಎರಡನೇ ಅಧ್ಯಾಯ ಎರಡು ವಚನ ಮೊದಲೇ ಶುರುವಾಗುತ್ತದೆ. ಇದು ತಿಳಿಯದೆ ಮೊದಲ ದಿನವಿಡೀ ಸಾಲು ತಾಳೆಯಾಗದೆ ಒದ್ದಾಡಿದೆ. ಇಲ್ಲಿ ಕೊಟ್ಟಿರುವ ಹೋಶೇಯನ ಸಂಖ್ಯೆಗಳು ಹೀಬ್ರೂ ಪ್ರತಿಯವು.)

ಅಲ್ಲಿ ಹೆಂಡತಿಯ ಮೇಲೆ ಮುನಿದ ಗಂಡನೊಬ್ಬ ಮಾತಾಡುತ್ತಾನೆ. ‘ನಿನ್ನ ದಾರಿಗೆ ಮುಳ್ಳಿನ ಬೇಲಿ ಹಾಕುತ್ತೇನೆ’ ಎಂದು ಶುರುವಾದ ಮಾತು ಅದೇ ಉಸಿರಿನಲ್ಲಿ ‘ಅವಳಿಗೆ ತನ್ನ ಹಾದಿ ಸಿಗದು’ ಎಂದು ಮುಗಿಯುತ್ತದೆ. ಹೀಬ್ರೂವಿನಲ್ಲಿ ದರ್ಕೇಖ್ ಅಂದರೆ ನಿನ್ನ ದಾರಿ, ದರ್ಕಾಹ್ ಅಂದರೆ ಅವಳ ದಾರಿ. ಬರಹದಲ್ಲಿ ಕೊನೆಯ ಒಂದಕ್ಷರದ ವ್ಯತ್ಯಾಸ. ಹೀಬ್ರೂ ಬೈಬಲಿನ ಹಳೆಯ ಗ್ರೀಕ್ ಅನುವಾದ ಸೆಪ್ಟುಅಜಿಂಟ್ ‘ಅವಳ’ ಎಂದೇ ಓದುತ್ತದೆ. ನಕಲುಗಾರನ ಕೈತಪ್ಪು ಎಂದು ನಾನೂ ಬರೆದಿಟ್ಟೆ.

ಆಮೇಲೆ ಅಧ್ಯಾಯವನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿ, ವ್ಯಾಕರಣದ ಮೂರು ಪುರುಷಗಳಿಗೆ (ನಾನು, ನೀನು, ಅವಳು) ಮೂರು ಬಣ್ಣದ ಪೆನ್ಸಿಲ್ ಹಿಡಿದು ಕುಳಿತೆ. ಕ್ರಿಯಾಪದಕ್ಕೊಂದು ಗೆರೆ, ಪದದ ತುದಿಗೆ ಅಂಟಿದ ಸರ್ವನಾಮ ಪ್ರತ್ಯಯಕ್ಕೊಂದು ಸುತ್ತು. ಪಕ್ಕದಲ್ಲಿ ಪಟ್ಟಿ: ಪುರುಷ, ಲಿಂಗ, ವಚನ, ಯಾರ ಬಗ್ಗೆ. ಇಷ್ಟರಿಂದ ಏನೂ ಹೊಳೆಯಲಿಲ್ಲ. ‘ಕೇಳುತ್ತಿರುವವರು ಯಾರು’ ಎಂಬ ಇನ್ನೊಂದು ಕಲಂ ಎಳೆದಾಗ ದಾರಿ ಕಂಡಿತು.

2:4ರಲ್ಲಿ ಗಂಡ ಮಾತಾಡುವುದು ಮಕ್ಕಳ ಜೊತೆ: ನಿಮ್ಮ ತಾಯಿಯೊಂದಿಗೆ ವಾದಿಸಿ. 2:6ಕ್ಕೆ ಬರುವಷ್ಟರಲ್ಲಿ ಆ ಮಕ್ಕಳೇ ‘ಅವಳ ಮಕ್ಕಳು’. 2:8ರಲ್ಲಿ ಗಕ್ಕನೆ ಹೆಂಡತಿಯ ಕಡೆ ತಿರುಗಿ ‘ನಿನ್ನ’ ಎಂದು, ಮತ್ತೆ ಮುಖ ತಿರುಗಿಸುತ್ತಾನೆ. ನಮ್ಮ ಮನೆಗಳ ಜಗಳ ಕೇಳಿದವರಿಗೆ ಇದು ಹೊಸದೇ? ‘ಎಷ್ಟು ಸಲ ಹೇಳ್ಲಿ ನಿಂಗೆ? ನೋಡ್ರೋ, ಇವಳಿಗೆ ಕಿವೀನೇ ಇಲ್ಲ!’ ಇದನ್ನು ಯಾರೂ ಕೈತಪ್ಪು ಅನ್ನುವುದಿಲ್ಲ.

ಮೇಲಾಗಿ, ತೊಡಕಿನ ಪಠ್ಯವನ್ನು ಸಲೀಸು ಮಾಡುವುದು ನಕಲುಗಾರರ, ಅನುವಾದಕರ ಹಳೆಯ ಚಾಳಿ. ಹಾಗಾಗಿ ಈಗ ನನ್ನ ಒಲವು ‘ನಿನ್ನ’ ಕಡೆಗೇ. ಒಂದು ಎಚ್ಚರಿಕೆ ಮಾತ್ರ ಇದೆ. ಕನ್ನಡದ ‘ನಿನ್ನ’ದಲ್ಲಿ ಲಿಂಗವಿಲ್ಲ, ಹೀಬ್ರೂವಿನಲ್ಲಿದೆ, ಆದರೆ ಇಲ್ಲಿ ಅದನ್ನು ಸ್ತ್ರೀಲಿಂಗವೆಂದು ತೋರಿಸುವುದು ಹೀಬ್ರೂ ಪಠ್ಯವನ್ನು ಕಾಪಾಡಿದ ಮಸೊರೆಟಿಕ್ ಯೆಹೂದಿ ಪಂಡಿತರು ಎಷ್ಟೋ ಕಾಲದ ಮೇಲೆ ಸೇರಿಸಿದ ಸ್ವರಚಿಹ್ನೆ. ಕೊನೆಯ ಕಾಫ್ (ಖ್) ಅಕ್ಷರವೊಂದನ್ನೇ ನೋಡಿದರೆ ಗೊತ್ತಾಗದು.

ಇದೇ ಪಟ್ಟಿಯನ್ನು ಇನ್ನೊಬ್ಬ ಪ್ರವಾದಿ ಮೀಕನ ಗ್ರಂಥದ ಕೊನೆಯ ವಚನಗಳಿಗೆ ಹಾಕಿದೆ. 7:18 ‘ನಿನ್ನಂಥ ದೇವರು ಯಾರು’ ಎಂದು ತೊಡಗಿ ‘ಅವನು’ ಎಂದು ಜಾರುತ್ತದೆ. 7:19ರಲ್ಲಿ ಅವನು ‘ನಮ್ಮ’ ಅಪರಾಧಗಳನ್ನು ತುಳಿಯುತ್ತಾನೆ, ಮರುಗಳಿಗೆಯಲ್ಲೇ ನೀನು ‘ಅವರ’ ಪಾಪಗಳನ್ನೆಲ್ಲ ಸಮುದ್ರದ ಆಳಕ್ಕೆ ಎಸೆಯುತ್ತೀ. ನೀನು–ಅವನು ಓಲಾಟ ಪ್ರಾರ್ಥನೆಯಲ್ಲಿ ಸಹಜ. ‘ಅವರ’ ಎಂಬುದನ್ನು ಸೆಪ್ಟುಅಜಿಂಟ್ ಇಲ್ಲೂ ‘ನಮ್ಮ’ ಎಂದು ನೇರ್ಪಡಿಸಿದೆ. ನಾನು ಪಟ್ಟಿಯಲ್ಲಿ ‘ಅವರ’ ಎಂಬುದರ ಎದುರು ‘7:18ರ ಉಳಿದ ಜನ?’ ಎಂದು ಪೆನ್ಸಿಲಿನಲ್ಲಿ ಗುರುತಿಸಿದ್ದೇನೆ. ಶಾಯಿ ಹಾಕಿಲ್ಲ.