ಹಳೇ ಸ್ಪೋರ್ಟ್ಸ್ ಕಾರಿಗೆ ಬೇರೆ ಇಂಜಿನ್ ಕೂರಿಸಿದ್ರಾ? ಮೊದ್ಲು ಚೇಂಬರ್ ಕೆಳಗೆ ಬಗ್ಗಿ ನೋಡಿ

ಪುಣೆಯಲ್ಲಿ ಹಳೇ ಕಾರಿನ ಹುಚ್ಚು ಹಚ್ಕೊಂಡೋರು ಕಮ್ಮಿ ಇಲ್ಲ, ಅದ್ರಲ್ಲಿ ನಮ್ಮ ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಇಲ್ಲೇ ನೆಲೆ ನಿಂತೋರೂ ಇದ್ದಾರೆ. ಇಂಜಿನ್ ಬದಲಾಯಿಸ್ತಾರೆ, ಬಾನೆಟ್ ಎತ್ತಿದ್ರೆ ಕನ್ನಡಿ ಥರ ಹೊಳೀತಿರುತ್ತೆ, ಹೆಣೆದ ಸ್ಟೀಲ್ ಪೈಪು, ದೊಡ್ಡ ಆಯಿಲ್ ಕೂಲರ್, ಎಲ್ಲಾ ಇರುತ್ತೆ. ಮೊದಲ ಭಾನುವಾರ ಹಳೇ ಕಾತ್ರಜ್ ಘಾಟಿ ಹತ್ತಿಸ್ತಾರೆ, ಮೂರನೇ ತಿರುವಿಗೆ ತಳದಿಂದ ಟಕ ಟಕ ಶುರು, ಎಣ್ಣೆ ಸಿಗದೆ ಬೇರಿಂಗ್ ಹೋಯ್ತು. ಇದೇ ಥರ ಮೂರು ಇಂಜಿನ್ ಕಣ್ಣೆದುರೇ ಹಾಳಾಗಿದ್ದು ನೋಡಿದೀನಿ, ಒಂದು ನಂದೇ. ಮೂರಕ್ಕೂ ಕಾರಣ ಪಂಪ್ ಅಲ್ಲ, ಆಯಿಲ್ ಬ್ರ್ಯಾಂಡ್ ಅಲ್ಲ, ಚೇಂಬರ್, ಅಂದ್ರೆ ಇಂಜಿನ್ ತಳದ ಎಣ್ಣೆ ತೊಟ್ಟಿ, ಅದರೊಳಗಿನ ಕೆಲವು ಎಂಎಂ ಜಾಗ.

ನನ್ನ ಗಾಡಿ ಎಂಜಿ ಮಿಜೆಟ್, ಎರಡು ಸೀಟಿನ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಅದರ 1275 ಸಿಸಿ ಬ್ಲಾಕ್ ಒಡೆದು ಕೂತಿತ್ತು, ಅದಕ್ಕೆ ಮಾರುತಿ ಜಿಪ್ಸಿಯ 1298 ಸಿಸಿ ಇಂಜಿನ್ ಹಾಕಿದೆ. ಎಸ್ಟೀಮ್‌ದೂ ಅದೇ ಮನೆತನದ ಇಂಜಿನ್ನೇ, ಆದ್ರೆ ಅದ್ರಲ್ಲಿ ಅಡ್ಡ ಕೂರುತ್ತೆ, ಜಿಪ್ಸಿಯಲ್ಲಿ ಉದ್ದಕ್ಕೆ, ಹಿಂದೆ ಗೇರ್‌ಬಾಕ್ಸು, ಹಾಗಾಗಿ ಹಿಂದಿನ ಚಕ್ರ ತಿರುಗಿಸೋ ಕಾರಿಗೆ ಇದೇ ಸರಿ, ಸಾಮಾನೂ ನಾನಾ ಪೇಠ್‌ನಲ್ಲಿ ಸಿಗುತ್ತೆ. ಅಂದಹಾಗೆ ಇಂಜಿನ್ ಬದಲಿಸೋ ಮುಂಚೆ ಆರ್‌ಟಿಓ ಒಪ್ಪಿಗೆ ಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯಲ್ಲೂ ಏರಿಸ್ಬೇಕು. ಆಮೇಲೆ ನೋಡೋಣ ಅನ್ನಬೇಡಿ.

ಮೊದಲ ಕೆಲಸ ಸುಲಭದ್ದು. ಆಯಿಲ್ ಇಳಿಸಿ, ಚೇಂಬರ್ ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಬಿಚ್ಚೋ ಮುಂಚೆ ಡಿಪ್‌ಸ್ಟಿಕ್‌ನ ಫುಲ್ ಗುರುತು ಬ್ಲಾಕಿನ ಅಂಚಿಗಿಂತ ಎಷ್ಟು ಕೆಳಗೆ ಬರುತ್ತೆ ಅಂತ ಅಳೆದು ಗೋಡೆ ಮೇಲಾದ್ರೂ ಬರೆದಿಡಿ, ಆಮೇಲೆ ಬೇಕಾಗುತ್ತೆ.

ಎರಡನೇದು ಚೇಂಬರ್ ಕತ್ತರಿಸೋದು, ತಲೆನೋವೆಲ್ಲಾ ಇಲ್ಲೇ. ಜಿಪ್ಸಿ ಚೇಂಬರ್ ಅದರ ಮುಂದಿನ ಆಕ್ಸಲ್‌ಗೆ ಜಾಗ ಬಿಟ್ಟು ಮಾಡಿರೋದು, ಮಿಜೆಟ್‌ನಲ್ಲಿ ಆ ಆಕ್ಸಲ್ಲೇ ಇಲ್ಲ, ಬದಲಿಗೆ ಬೇರೆ ಜಾಗದಲ್ಲಿ ಕ್ರಾಸ್‌ಮೆಂಬರ್, ಅಂದ್ರೆ ಕಾರಿನ ತಳದ ಅಡ್ಡ ತೊಲೆ, ಬಂದು ಅಡ್ಡ ನಿಲ್ಲುತ್ತೆ. ಹಾಗಾಗಿ ಒಂದು ಕಡೆ ಕೊಯ್ದು ಇನ್ನೊಂದು ಕಡೆ ಸೇರಿಸ್ಬೇಕು. ಕೊಯ್ಯೋಕೆ ಮುಂಚೆ ಒಂದು ಲೀಟರ್ ಬಾಟ್ಲಿಯಲ್ಲಿ ನೀರು ತುಂಬಿ ತುಂಬಿ ಸುರಿದು ಚೇಂಬರ್ ಎಷ್ಟು ಹಿಡಿಯುತ್ತೆ ನೋಡ್ಕೊಳ್ಳಿ, ಕೆಲಸ ಮುಗಿದ ಮೇಲೂ ಅಷ್ಟೇ ಹಿಡೀಬೇಕು, ಕಮ್ಮಿ ಬಂದ್ರೆ ಪಕ್ಕಕ್ಕೆ ಕಿವಿ ಥರ ಎರಡು ಡಬ್ಬಿ ಸೇರಿಸಿ ಅಗಲ ಮಾಡಿ. ಕೆಳಗೆ ಮಾತ್ರ ಇಳಿಸಬೇಡಿ, ಕ್ರಾಸ್‌ಮೆಂಬರ್‌ಗಿಂತ ಒಂದು ಎಂಎಂ ಕೆಳಗೆ ಬಂದ್ರೂ ನಮ್ಮೂರ ಸ್ಪೀಡ್ ಬ್ರೇಕರ್ ಬಿಡಲ್ಲ.

ವೆಲ್ಡಿಂಗ್‌ಗೆ ಕೊಡುವಾಗ ಚೇಂಬರ್ ಒಂದೇ ಕೊಡಬೇಡಿ. ಯಾವುದಾದ್ರೂ ಗುಜರಿ ಬ್ಲಾಕಿಗೆ, ಇಲ್ಲಾಂದ್ರೆ ದಪ್ಪ ಪ್ಲೇಟಿಗೆ, ಎಲ್ಲಾ ಬೋಲ್ಟ್ ಹಾಕಿ ಬಿಗಿದು ಕೊಡಿ, ಇಲ್ಲಾಂದ್ರೆ ಶಾಖಕ್ಕೆ ಅಂಚು ಹಪ್ಪಳ ಆಗುತ್ತೆ. ನಂದು ಹಾಗೇ ಆಯ್ತು. ಭೋಸರಿಯ ಒಂದು ವರ್ಕ್‌ಶಾಪಿನಲ್ಲಿ ನಿಪ್ಪಾಣಿ ಕಡೆಯ ಹಿರಿಯ ಮೇಸ್ತ್ರಿ, "ಹೊಂದತೈತಿ ಬಿಡ್ರಿ ಸಾಹೇಬ್ರ, ಪ್ಯಾಕಿಂಗ್ ದಪ್ಪಂದು ಹಾಕ್ರಿ" ಅಂದ್ರು (ಬ್ಲಾಕಿಗೂ ಚೇಂಬರ್‌ಗೂ ನಡುವೆ ಇಡೋ ಗ್ಯಾಸ್ಕೆಟ್ಟೇ ಪ್ಯಾಕಿಂಗ್). "ಕಾಕಾ, ಗ್ಲಾಸ್ ಮ್ಯಾಲ ಒಮ್ಮೆ ಇಟ್ಟು ನೋಡೂಣು" ಅಂದೆ. ಇಟ್ರೆ ಒಂದು ಮೂಲೆ ಕೆಳಗೆ ಪೋಸ್ಟ್‌ಕಾರ್ಡ್ ಸರಾಗ ಹೋಗ್ತಿತ್ತು. ಕಾಕಾ ಏನೂ ಅನ್ನಲಿಲ್ಲ, ಮತ್ತೆ ಬೋಲ್ಟ್ ಬಿಗಿದು ಕೂತ್ರು. ನೀವೂ ಗ್ಲಾಸ್ ಮೇಲೆ ಇಟ್ಟು ನೋಡದೆ ದುಡ್ಡು ಕೊಡಬೇಡಿ.

ಸೋರಿಕೆ ಪರೀಕ್ಷೆಗೆ ನಮ್ಮಜ್ಜನ ಕಾಲದ ಉಪಾಯವೇ ಸಾಕು, ಹೊರಗಡೆ ವೆಲ್ಡಿಂಗ್ ಮೇಲೆಲ್ಲಾ ಸೀಮೆಸುಣ್ಣ ತೇಯ್ದು ಬಳೀರಿ, ಒಣಗಿದ ಮೇಲೆ ಒಳಗೆ ಸೀಮೆಎಣ್ಣೆ ಹಾಕಿ ರಾತ್ರಿಯೆಲ್ಲಾ ಬಿಡಿ, ಸಿಗಲಿಲ್ಲಾಂದ್ರೆ ಡೀಸೆಲ್. ಬೆಳಗ್ಗೆ ಎಲ್ಲಿ ಸುಣ್ಣ ಒದ್ದೆಯಾಗಿ ಕಪ್ಪಾಗಿರುತ್ತೋ ಅಲ್ಲಿ ತೂತು. ಅದರ ಮೇಲೆ ಎಪಾಕ್ಸಿ ಪುಟ್ಟಿ ಮೆತ್ತಬೇಡಿ, ಬಿಸಿ ಎಣ್ಣೆಗೆ ಎದ್ದು ಬರುತ್ತೆ, ಮತ್ತೆ ವೆಲ್ಡಿಂಗೇ ಮಾಡಿಸಿ.

ಈಗ ಸ್ಟ್ರೈನರ್, ಅಂದ್ರೆ ಪಂಪ್ ಎಣ್ಣೆ ಎಳ್ಕೊಳ್ಳೋ ಪೈಪಿನ ತುದಿಯ ಜಾಲರಿ. ಚೇಂಬರ್ ತಳಕ್ಕೂ ಸ್ಟ್ರೈನರ್ ಬಾಯಿಗೂ ನಡುವೆ 6ರಿಂದ 10 ಎಂಎಂ ಜಾಗ ಇರ್ಬೇಕು, ನಾನು 8 ಇಡ್ತೀನಿ. ಜಾಸ್ತಿ ಆದ್ರೆ ತಿರುವಿನಲ್ಲಿ ಗಾಳಿ ಎಳೆಯುತ್ತೆ, ಕಮ್ಮಿ ಆದ್ರೆ ಎಣ್ಣೆ ಒಳಗೆ ಬರೋಕೇ ಜಾಗ ಇಲ್ಲದೆ ಪಂಪ್ ಒಣಗುತ್ತೆ. ಹೊರಗಿಂದ ಸ್ಕೇಲ್ ಹಿಡಿದು ಅಂದಾಜು ಮಾಡೋದು ಬೇಡ. ಮಕ್ಕಳು ಆಡೋ ಕ್ಲೇ ತಗೊಂಡು ಅಡಿಕೆ ಗಾತ್ರದ ನಾಲ್ಕು ಉಂಡೆ ಸ್ಟ್ರೈನರ್ ಬಾಯಿಗೆ ಅಂಟಿಸಿ, ಪ್ಯಾಕಿಂಗ್ ಸಮೇತ ಚೇಂಬರ್ ಹಾಕಿ ಬೋಲ್ಟ್ ಬಿಗೀರಿ, ಬಿಚ್ಚಿ, ಚಪ್ಪಟೆಯಾದ ಉಂಡೆಯನ್ನ ವರ್ನಿಯರ್‌ನಲ್ಲಿ ಅಳೀರಿ. ಒಬ್ಬ ಗೆಳೆಯ ಮನೆಯಲ್ಲಿ ಕ್ಲೇ ಇಲ್ಲ ಅಂತ ಚಪಾತಿ ಕಣಕ ಇಟ್ಟಿದ್ದ, ಕಣಕ ಬಿಟ್ಟ ತಕ್ಷಣ ಹಿಂದಕ್ಕೆ ಉಬ್ಬುತ್ತೆ, ಅವನಿಗೆ 9 ಬಂತು, ನಿಜಕ್ಕೂ ಇದ್ದಿದ್ದು 4. ನಾಲ್ಕು ಉಂಡೆ ಯಾಕಂದ್ರೆ ಸ್ಟ್ರೈನರ್ ಓರೆ ಕೂತಿದ್ರೂ ಗೊತ್ತಾಗುತ್ತೆ.

ಸ್ಟ್ರೈನರ್ ಪೈಪ್ ಉದ್ದ ಮಾಡಿಸಿದ್ರೆ ಅದಕ್ಕೆ ಒಂದು ಬ್ರ್ಯಾಕೆಟ್ ಕೊಟ್ಟು ಬ್ಲಾಕಿಗೆ ಕಟ್ಟಿ, ಇಲ್ಲಾಂದ್ರೆ ನಡುಗಿ ನಡುಗಿ ವೆಲ್ಡಿಂಗ್ ಹತ್ರ ಬಿರುಕು ಬಿಡುತ್ತೆ. ಪೈಪ್ ಪಂಪಿಗೆ ಸೇರೋ ಜಾಗದ ಓ-ರಿಂಗ್ ಹೊಸದೇ ಹಾಕಿ. ಎಳೆಯೋ ಕಡೆ ಸೋರಿದ್ರೆ ಎಣ್ಣೆ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ, ನೊರೆ ಆಗುತ್ತೆ, ನೀವು ಪಂಪ್ ಮೇಲೆ ಪಂಪ್ ಬದಲಾಯಿಸ್ತಾ ಕೂರ್ತೀರಿ.

ಸ್ಟ್ರೈನರ್ ಸುತ್ತ ನಾಲ್ಕು ಗೋಡೆ ಕಟ್ಟಿ, ಗೋಡೆಯಲ್ಲಿ ಒಳಗೆ ಮಾತ್ರ ತೆರೆಯೋ ಪುಟ್ಟ ಬಾಗಿಲು ಕೊಡಿ. ಇಲಿಬೋನಿನ ಲೆಕ್ಕ, ಎಣ್ಣೆ ಒಳಗೆ ಬರಬಹುದು, ಹೊರಗೆ ಹೋಗೋ ಹಾಗಿಲ್ಲ. ಸ್ಟೀಲ್ ಹಿಂಜ್ ಹಾಕಿಸಿ, ರಬ್ಬರ್ ಪಟ್ಟಿ ಹಾಕಿ ಕೊಡ್ತೀನಿ ಅನ್ನೋರ ಹತ್ರ ಹೋಗಲೇಬೇಡಿ, ಅದು ತುಂಡಾಗಿ ಸ್ಟ್ರೈನರ್ ಜಾಲರಿಗೇ ಬಂದು ಕೂರುತ್ತೆ.

ಚೇಂಬರ್ ಮುಚ್ಚುವಾಗ ಸಿಲಿಕಾನ್ ಗಮ್ 3 ಎಂಎಂ ಗೆರೆ ಸಾಕು. ದೋಸೆಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಚಿದ್ರೆ ಒಳಗೆ ಹಿಂಡಿಕೊಂಡ ಭಾಗ ಕಿತ್ತು ಬಂದು ಅದೂ ಜಾಲರಿಗೇ ಹೋಗುತ್ತೆ. ಪ್ಯಾಕಿಂಗ್ ಇದ್ರೆ ಮೂಲೆಗಳಿಗೆ ಮಾತ್ರ ಹಚ್ಚಿ.

ಇನ್ನು ಎಣ್ಣೆ ಪ್ರೆಶರ್ ಮೀಟರ್. ಮಿಜೆಟ್‌ನಲ್ಲಿ ಸಣ್ಣ ಪೈಪ್ ಮೂಲಕ ಎಣ್ಣೆಯೇ ಡ್ಯಾಶ್‌ಬೋರ್ಡ್ ತನಕ ಬಂದು ಮುಳ್ಳು ತಿರುಗಿಸುತ್ತೆ, ನನಗೆ ಅದೇ ಇಷ್ಟ, ಎಲೆಕ್ಟ್ರಿಕ್ ಮೀಟರ್ ನಂಬಲ್ಲ. ಅಪಾಯ ಇರೋದು ಥ್ರೆಡ್‌ನಲ್ಲಿ. ಜಪಾನಿ ಇಂಜಿನ್‌ಗಳ ಪ್ರೆಶರ್ ಸ್ವಿಚ್ಚಿನ ತೂತು ಸಾಮಾನ್ಯವಾಗಿ 1/8 ಬಿಎಸ್‌ಪಿ, ಅಂದ್ರೆ ಬ್ರಿಟಿಷ್ ಪೈಪ್ ಥ್ರೆಡ್, ಇಂಚಿಗೆ 28 ಥ್ರೆಡ್ಡು. ಅಂಗಡಿಯಲ್ಲಿ ಕೊಡೋ ಸೆನ್ಸರ್ ಎಷ್ಟೋ ಸಲ 1/8 ಎನ್‌ಪಿಟಿ, ಅಂದ್ರೆ ಅಮೆರಿಕದ ಪೈಪ್ ಥ್ರೆಡ್, ಇಂಚಿಗೆ 27. ಎರಡು ಸುತ್ತು ಆರಾಮಾಗಿ ಹೋಗುತ್ತೆ, ಆಮೇಲೆ ಬಿಗಿಯಾಗುತ್ತೆ, ಜನ ಟೆಫ್ಲಾನ್ ಟೇಪ್ ಸುತ್ತಿ ಪಾನಾ ಹಾಕಿ ಜಗ್ಗುತ್ತಾರೆ, ಅಲ್ಯೂಮಿನಿಯಂ ಬ್ಲಾಕ್ ಚಟ್ ಅನ್ನುತ್ತೆ. ಫಿಲ್ಟರ್‌ನಲ್ಲೂ ಇದೇ ಕಥೆ, ಇಂಚಿನ ಲೆಕ್ಕದ 3/4-16ಗೂ ಮಿಲಿಮೀಟರ್ ಲೆಕ್ಕದ ಎಂ20-1.5ಗೂ ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ದೊಡ್ಡದನ್ನ ಸಣ್ಣದರ ಮೇಲೆ ತಿರುಗಿಸಿದ್ರೆ ಕೂತ ಹಾಗೇ ಇರುತ್ತೆ, ಪ್ರೆಶರ್ ಬಂದಾಗ ಕಿತ್ಕೊಂಡು ಹೋಗುತ್ತೆ. ನೂರಿನ್ನೂರು ರೂಪಾಯಿ ಥ್ರೆಡ್ ಗೇಜ್ ಒಂದು ಜೇಬಲ್ಲಿರಲಿ.

ಕೂಲರ್ ಬೇಕಾ ಅಂತ ಎಲ್ಲರೂ ಕೇಳ್ತಾರೆ. ಡೆಕ್ಕನ್‌ನಿಂದ ಕೋಥ್ರೂಡ್‌ಗೆ ಓಡಿಸೋ ಕಾರಿಗೆ ಬೇಡ. ಎಣ್ಣೆ 90-100 ಡಿಗ್ರಿ ತನಕ ಕಾಯದಿದ್ರೆ ಒಳಗಿನ ನೀರಿನ ಅಂಶ ಆರಲ್ಲ, ಮಳೆಗಾಲದಲ್ಲಿ ಕ್ಯಾಪ್ ತೆಗೆದ್ರೆ ಮಜ್ಜಿಗೆ ಕಾಣುತ್ತೆ. ಹಾಕಲೇಬೇಕು ಅಂದ್ರೆ ಫಿಲ್ಟರ್ ಅಡಿಗೆ ಥರ್ಮೋಸ್ಟಾಟ್ ಇರೋ ಪ್ಲೇಟ್ ಹಾಕಿ, ಅದು ಎಣ್ಣೆ ಕಾದ ಮೇಲೇ ಕೂಲರ್‌ಗೆ ಬಿಡುತ್ತೆ. ಆಯಿಲ್ ಗ್ರೇಡ್ ಇಂಜಿನ್ನಿನ ಪುಸ್ತಕ ನೋಡಿ ಹಾಕಿ, ಕಾರಿಂದಲ್ಲ, ಹಳೇ ಗಾಡಿ ಅಂತ 20ಡಬ್ಲ್ಯೂ-50 ಥರದ ದಪ್ಪ ಎಣ್ಣೆ ಸುರಿಯೋ ಚಟ ಬಿಡಿ.

ಅಳೆದು ಆಯಿಲ್ ಹಾಕಿ, ಕಾರು ಸಮತಟ್ಟು ನೆಲದಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್‌ನಲ್ಲಿ ಹೊಸ ಗುರುತು ಅರದಿಂದ ಗೀರಿ. ಗೋಡೆ ಮೇಲೆ ಬರೆದ ಅಳತೆಗೆ ತಾಳೆ ನೋಡಿ, ಅದಕ್ಕಿಂತ ಮೇಲೆ ಬಂದ್ರೆ ಇಂಜಿನ್ನಿನ ತಿರುಗೋ ದಂಡ, ಕ್ರ್ಯಾಂಕ್, ಎಣ್ಣೆಯನ್ನ ಕಡೆದು ನೊರೆ ಮಾಡುತ್ತೆ.

ಸ್ಟಾರ್ಟ್ ಮಾಡೋಕೆ ಮುಂಚೆ ಪ್ಲಗ್ ನಾಲ್ಕೂ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸೂ ಇಗ್ನಿಷನ್ ಫ್ಯೂಸೂ ತೆಗೆದು, ಫಿಲ್ಟರ್‌ಗೆ ಎಣ್ಣೆ ತುಂಬಿ ಹಾಕಿ, ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೀರಿ, ನಡುವೆ ಒಂದು ನಿಮಿಷ ಬಿಡಿ. ಡ್ರಿಲ್ ಹಾಕಿ ಪಂಪ್ ತಿರುಗಿಸೋ ವಿಡಿಯೋ ನೋಡಿ ಬರಬೇಡಿ, ಅದು ಅಮೆರಿಕದ ವಿ8ಗಳ ಕಥೆ, ಇದರ ಪಂಪ್ ಕ್ರ್ಯಾಂಕ್ ಮೂತಿಯಲ್ಲೇ ಕೂತಿದೆ. ಮುಳ್ಳು ಎದ್ದ ಮೇಲೇ ಪ್ಲಗ್ ಹಾಕೋದು.

ಬಿಸಿಯಾದ ಮೇಲೆ ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಪ್ರೆಶರ್ ಇದ್ರೆ ಸಾಕು. ಖಾಲಿ ಮೈದಾನದಲ್ಲಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ಸುತ್ತು ಹೊಡೀರಿ, ಪಕ್ಕದ ಸೀಟಲ್ಲಿ ಒಬ್ಬರು ಮುಳ್ಳನ್ನಷ್ಟೇ ನೋಡ್ತಿರಲಿ. ತಿರುವಿನಲ್ಲಿ ಮಾತ್ರ ಬಿದ್ರೆ ಬಾಗಿಲು ಅಥವಾ ಸ್ಟ್ರೈನರ್, ಅಲ್ಲೇ ನಿಲ್ಲಿಸಿ.

ಐವತ್ತು ಕಿಲೋಮೀಟರ್ ಆದ ಮೇಲೆ ಎಣ್ಣೆ ಇಳಿಸಿ, ಫಿಲ್ಟರನ್ನ ತಗಡು ಕತ್ತರಿಯಲ್ಲಿ ಕೊಯ್ದು ಒಳಗಿನ ಕಾಗದ ಪೇಪರ್ ಮೇಲೆ ಹರಡಿ, ಗರಗಸ ಬೇಡ, ಅದರ ಪುಡಿಯೇ ಒಳಗೆ ಸೇರುತ್ತೆ. ಅಯಸ್ಕಾಂತಕ್ಕೆ ಅಂಟದ ಹೊಳಪು ಪುಡಿ ಇದ್ರೆ ಬೇರಿಂಗ್ ನೋಡಿಸಿ. ಸಿಲಿಕಾನ್ ಚೂರು ಸಿಕ್ಕಿದ್ರೆ ಚೇಂಬರ್ ಮತ್ತೆ ಇಳಿಸಿ ಜಾಲರಿ ತೊಳೀರಿ. ನಾನು ಎರಡು ಸಲ ಇಳಿಸಿದೀನಿ.